ಹಸುವಿಗೆ ಮೊದಲು ಹುಲ್ಲು: ಒಂದು ಎಕರೆಯಲ್ಲಿ ಕೋಳಿ, ಆಡು, ಹಸು ಕಟ್ಟುವ ಕ್ರಮ

ಹಳ್ಳಿಯಲ್ಲಿ ಒಂದು ಎಕರೆ ಇಟ್ಟುಕೊಂಡು ದನ, ಆಡು, ಕೋಳಿ ಸಾಕಬೇಕೆಂದು ಹೊರಡುವವರಲ್ಲಿ ಬಹಳ ಜನ ಮೊದಲು ಮಾಡುವ ಕೆಲಸವೆಂದರೆ ಹಸು ತಂದು ಕಟ್ಟುವುದು. ಮೊದಲ ತಿಂಗಳು ಹಾಲು ಬರುತ್ತದೆ, ಸಂತೋಷವೂ ಆಗುತ್ತದೆ. ಮೂರನೇ ತಿಂಗಳಿಗೆ ಹಸಿ ಮೇವು ಪಕ್ಕದವರಿಂದ ಕೊಳ್ಳಬೇಕಾಗುತ್ತದೆ, ಬೇಸಿಗೆಗೆ ಒಣಹುಲ್ಲು ಸಿಗುವುದಿಲ್ಲ, ಹಾಲಿನ ದುಡ್ಡೆಲ್ಲ ಬೂಸಾ ಅಂಗಡಿಗೆ ಹೋಗುತ್ತದೆ. ವರ್ಷ ತುಂಬುವ ಮೊದಲೇ ಹಸು ಮಾರಾಟಕ್ಕೆ ಬರುತ್ತದೆ. ಹಸುವೂ ಕೆಟ್ಟದ್ದಲ್ಲ, ಸಾಕಿದವರೂ ಸೋಮಾರಿಗಳಲ್ಲ. ಕೆಟ್ಟಿದ್ದು ಕೆಲಸದ ಕ್ರಮ. ನೀರು, ಬೇಲಿ, ಹುಲ್ಲು, ಆಮೇಲೆ ಕೋಳಿ, ಆಮೇಲೆ ಆಡು ಅಥವಾ ಕುರಿ, ಎಲ್ಲಕ್ಕಿಂತ ಕೊನೆಗೆ ಹಸು. ಶಿವರಾತ್ರಿಯ ಹೊತ್ತಿಗೆ ಕೆಲಸ ಶುರು ಮಾಡಿದರೆ ಮುಂದಿನ ಸಂಕ್ರಾಂತಿ ಕಳೆದ ಮೇಲೆ ಹಸು ಬರಬೇಕು. ಅದಕ್ಕಿಂತ ಬೇಗ ಬೇಡ.

ಇಲ್ಲಿ ಹೇಳುವ ಲೆಕ್ಕ ವರ್ಷಕ್ಕೆ 600ರಿಂದ 700 ಮಿ.ಮೀ. ಮಳೆಯಾಗುವ ತುಮಕೂರು, ಅರಸೀಕೆರೆ, ಮಂಡ್ಯ ಕಡೆಯ ಕೆಂಪುಮಣ್ಣಿನ ಜಮೀನಿಗೆ, ಎರಡು ಮಿಶ್ರತಳಿ ಹಸು, ನಾಲ್ಕೈದು ಆಡು, ಹದಿನೈದು ಕೋಳಿಗೆ ಹೊಂದುವಂಥದ್ದು. ಮಲೆನಾಡಿನಲ್ಲಿ ಹುಲ್ಲಿನ ಕಷ್ಟ ಕಡಿಮೆ, ಕೊಟ್ಟಿಗೆ ಒಣಗಿಸುವ ಕಷ್ಟ ಹೆಚ್ಚು. ಅಲ್ಲಿನವರು ಚಾವಣಿ, ಚರಂಡಿಯ ಮಾತನ್ನು ಹೆಚ್ಚು ಗಮನಿಸಿ.

ನೀರಿನ ಲೆಕ್ಕ

ಹಾಲು ಕೊಡುವ ಮಿಶ್ರತಳಿ ಹಸು ದಿನಕ್ಕೆ 70ರಿಂದ 100 ಲೀಟರ್ ಕುಡಿಯುತ್ತದೆ. ಎರಡು ಹಸುವಿಗೆ 200, ಕೊಟ್ಟಿಗೆ ತೊಳೆಯಲು ಮೈ ತೊಳೆಯಲು 100, ಐದು ಆಡಿಗೆ 30, ಹದಿನೈದು ಕೋಳಿಗೆ 5 ಲೀಟರ್. ಒಟ್ಟು 350 ಲೀಟರ್ ಇಟ್ಟುಕೊಳ್ಳಿ. ಇದು ದೊಡ್ಡದೇನಲ್ಲ. ಜನ ಮರೆಯುವುದು ಹುಲ್ಲು ಕುಡಿಯುವ ನೀರನ್ನು. ಎರಡು ಹಸುವಿಗೆ ಹತ್ತು ಗುಂಟೆ ಮೇವಿನ ಹುಲ್ಲು ಬೇಕು, ಅದರ ಲೆಕ್ಕ ಮುಂದಿದೆ. ಹತ್ತು ಗುಂಟೆ ಅಂದರೆ ಸುಮಾರು 1,000 ಚದರ ಮೀಟರ್. ಕೊಯ್ದಂತೆ ಮತ್ತೆ ಚಿಗುರುವ ನೇಪಿಯರ್ ಎಂಬ ಮೇವಿನ ಹುಲ್ಲು ಬೇಸಿಗೆಯಲ್ಲಿ ಬೆಳೆಯಬೇಕಾದರೆ ಚದರ ಮೀಟರಿಗೆ ದಿನಕ್ಕೆ 4 ಲೀಟರಾದರೂ ಬೇಕು. ಹಸು ಕುಡಿಯುವುದು 200 ಲೀಟರ್, ಅದರ ಮೇವು ಕುಡಿಯುವುದು 4,000 ಲೀಟರ್. ಎಷ್ಟು ದನ ಕಟ್ಟಬಹುದು ಎಂಬುದನ್ನು ತೀರ್ಮಾನಿಸುವುದು ಈ ಎರಡನೇ ಅಂಕಿ.

ಹಾಗಾಗಿ ಬೋರ್‌ವೆಲ್ ನೀರನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಅಳೆಯಿರಿ. ಮಳೆಗಾಲದ ಅಳತೆ ಲೆಕ್ಕಕ್ಕಿಲ್ಲ. ಮೋಟಾರು ಎರಡು ಗಂಟೆ ಓಡಿದ ಮೇಲೆ 20 ಲೀಟರಿನ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡು ಎಂದು ನೋಡಿ. 36 ಸೆಕೆಂಡಿಗೆ ತುಂಬಿದರೆ ಗಂಟೆಗೆ 2,000 ಲೀಟರ್. ದಿನಕ್ಕೆ ಎರಡೂವರೆ ಗಂಟೆ ಕರೆಂಟು ಸಿಕ್ಕರೆ ಸಾಕು. ಎರಡು ನಿಮಿಷ ಹಿಡಿದರೆ ಗಂಟೆಗೆ 600 ಲೀಟರ್ ಮಾತ್ರ. ಆಗ ಹತ್ತು ಗುಂಟೆ ನೇಪಿಯರ್ ಆಸೆ ಬಿಟ್ಟು ನಾಲ್ಕು ಗುಂಟೆಗೆ ನಿಲ್ಲಿ, ಒಂದೇ ಹಸು ಕಟ್ಟಿ, ಅಥವಾ ಹಸು ಬಿಟ್ಟು ಕುರಿ ಆಡಿಗೆ ಹೋಗಿ. ನೀರಿಲ್ಲದ ಕಡೆ ಹೊಸ ಬೋರು ಕೊರೆಸಿ ಹಸು ಕಟ್ಟುವುದು ಸಾಲಕ್ಕೆ ದಾರಿ.

ಕೊಟ್ಟಿಗೆಯ ಚಾವಣಿ ನೀರನ್ನು ಬಿಡಬೇಡಿ. 200 ಚದರ ಅಡಿ ಚಾವಣಿಯ ಮೇಲೆ 600 ಮಿ.ಮೀ. ಮಳೆ ಬಿದ್ದರೆ, ಸೋರಿ ಹೋದದ್ದನ್ನು ಕಳೆದರೂ ವರ್ಷಕ್ಕೆ 8,500 ಲೀಟರ್ ಹಿಡಿಯಬಹುದು. ಮೊದಲ ಮಳೆಯ ಹತ್ತು ನಿಮಿಷದ ನೀರು ಹೊರಗೆ ಹೋಗಲಿ. ಬೋರ್ ನೀರು ಗಡುಸಾಗಿರುವ ಕಡೆ ಈ ನೀರು ಕೋಳಿಮರಿಗಳಿಗೂ ಲಸಿಕೆ ಕಲಸಲೂ ಒಳ್ಳೆಯದು.

ಜಾಗ ಹಂಚುವುದು, ಬೇಲಿ ಹಾಕುವುದು

ಎಕರೆಯ 40 ಗುಂಟೆಯಲ್ಲಿ ಮನೆ, ಕೊಟ್ಟಿಗೆ, ಕೋಳಿಗೂಡಿಗೆ 5, ನೇಪಿಯರಿಗೆ 10, ರಾಗಿ, ಅವರೆ, ಜೋಳಕ್ಕೆ 12, ತರಕಾರಿ, ಹಣ್ಣಿಗೆ 5, ಹೊಂಡ ಮತ್ತು ತಿಪ್ಪೆಗೆ 3, ಆಡು, ಕೋಳಿ ಅಡ್ಡಾಡುವ ಬಯಲಿಗೆ 5. ನಮ್ಮ ಕಡೆ ಮುಂಗಾರಿನ ಗಾಳಿ ಪಡುವಣದಿಂದ, ನೈಋತ್ಯದಿಂದ ಬೀಸುವುದರಿಂದ ಕೊಟ್ಟಿಗೆ ಮನೆಗೆ ಮೂಡಲ ಅಥವಾ ಈಶಾನ್ಯಕ್ಕಿದ್ದರೆ ವಾಸನೆ, ನೊಣ ಮನೆಯತ್ತ ಬರುವುದಿಲ್ಲ. ತಿಪ್ಪೆ ಬಾವಿಯಿಂದ 50 ಅಡಿಗಿಂತ ದೂರ, ಇಳಿಜಾರಿನ ಕೆಳಗಿರಲಿ.

ಚೌಕಾಕಾರದ ಒಂದು ಎಕರೆಯ ಸುತ್ತಳತೆ 835 ಅಡಿ. ಹತ್ತು ಅಡಿಗೊಂದು ಕಲ್ಲುಕಂಬ ನೆಟ್ಟರೆ 84 ಕಂಬ ಬೇಕು. 7 ಅಡಿ ಕಂಬವನ್ನು ಎರಡಡಿ ಹೂಳಿ. ಒಂದೂವರೆ ಅಡಿ ಹೂಳಿದ್ದು ಎರಡನೇ ಮಳೆಗಾಲಕ್ಕೆ ವಾಲುತ್ತದೆ. ಮೂಲೆಕಂಬಗಳಿಗೆ ಎರಡು ಕಡೆಯಿಂದ ಒರಗುಕಂಬ ಕೊಡದೆ ತಂತಿ ಬಿಗಿದರೆ ಮೂಲೆ ಒಳಕ್ಕೆ ಬಾಗಿ ಇಡೀ ಸಾಲು ಸಡಿಲವಾಗುತ್ತದೆ. ಮುಳ್ಳುತಂತಿ ದನಕ್ಕೆ ಸಾಕು. ಆಡು ಅದರೊಳಗೆ ನುಸುಳುತ್ತದೆ, ಬೀದಿನಾಯಿಯೂ ನುಸುಳುತ್ತದೆ. ಇಡೀ ಎಕರೆಗೆ ಜಾಲರಿ ಹಾಕಲು ಹಣವಿಲ್ಲದಿದ್ದರೆ ಕೊಟ್ಟಿಗೆ, ಕೋಳಿ, ಆಡಿನ ಬಯಲು ಸೇರಿದ ಹತ್ತು ಗುಂಟೆಗೆ ಮಾತ್ರ ಐದಡಿ ಜಾಲರಿ ಹಾಕಿ, ಅದರ ಬುಡವನ್ನು ಅರ್ಧ ಅಡಿ ಮಣ್ಣಿನಲ್ಲಿ ಹೂಳಿ.

ಜೀವಂತ ಬೇಲಿಗೆ ಗಿಡ ಆರಿಸುವಾಗ ಎರಡು ಸಾಲು ಯೋಚಿಸಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಆಡುಸೋಗೆ, ಲಕ್ಕಿ, ಕಾಡುಹರಳು ಈ ಮೂರನ್ನು ಅವು ಬಿಟ್ಟುಬಿಡುತ್ತವೆ. ಹೊರಸಾಲಿಗೆ ಇವು. ಒಳಸಾಲಿಗೆ ಮೂರಡಿಗೊಂದರಂತೆ ಗ್ಲಿರಿಸಿಡಿಯಾ, ಚೊಗಚೆ, ಸುಬಾಬುಲ್, ಹಾಲುವಾಣ ನೆಟ್ಟರೆ 270ಕ್ಕೂ ಹೆಚ್ಚು ಸೊಪ್ಪಿನ ಮರ ಬರುತ್ತವೆ. ಒಂದು ಗುಂಟೆ ನೆಲವೂ ಹೋಗದೆ ಸಿಗುವ ಮೇವು ಇದು. ಬರಗಾಲದಲ್ಲಿ ನೇಪಿಯರ್ ಕೈಕೊಟ್ಟಾಗ ಆಡುಗಳನ್ನು ಉಳಿಸುವುದು ಈ ಸಾಲು. ಲಂಟಾನ ಬೇಲಿಯಲ್ಲಿದ್ದರೆ ಕಿತ್ತುಹಾಕಿ, ದನಕ್ಕೆ ಅದು ವಿಷ.

ಹುಲ್ಲು

ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 25 ಕೆಜಿ ಹಸಿ ಮೇವು, 5–6 ಕೆಜಿ ಒಣಹುಲ್ಲು. ಎರಡು ಹಸುವಿಗೆ ದಿನಕ್ಕೆ 50 ಕೆಜಿ, ವರ್ಷಕ್ಕೆ 18 ಟನ್ ಹಸಿ ಮೇವು. ಕೋ-3, ಕೋ-4ನಂಥ ಹೈಬ್ರಿಡ್ ನೇಪಿಯರ್ ನೀರು ಗೊಬ್ಬರ ಸರಿಯಿದ್ದರೆ ಎಕರೆಗೆ ವರ್ಷಕ್ಕೆ 80 ಟನ್ ಸುಲಭವಾಗಿ ಕೊಡುತ್ತದೆ. ಹತ್ತು ಗುಂಟೆಗೆ 20 ಟನ್. ಹತ್ತು ಗುಂಟೆ ಎಂಬ ಅಂಕಿ ಬಂದದ್ದು ಹೀಗೆ.

ಮುಂಗಾರಿನ ಮೊದಲ ಹದ ಮಳೆಗೆ ನಾಟಿ ಮಾಡಿ. ಉಳುಮೆಗೆ ಮುಂಚೆ ಹತ್ತು ಗುಂಟೆಗೆ ಎರಡೂವರೆ ಟನ್ ಕೊಟ್ಟಿಗೆ ಗೊಬ್ಬರ ಹಾಕಿ, ಎರಡಡಿಗೊಂದು ದಿಂಡು ಎಳೆಯಿರಿ. ಮೂರು ತಿಂಗಳು ಬಲಿತ ಕಾಂಡದಿಂದ ಎರಡು ಗೆಣ್ಣಿನ ತುಂಡು ಕತ್ತರಿಸಿ, ಒಂದು ಗೆಣ್ಣು ಮಣ್ಣೊಳಗೆ, ಒಂದು ಮೇಲೆ ಬರುವಂತೆ ಓರೆಯಾಗಿ ಎರಡಡಿ ಅಂತರದಲ್ಲಿ ಊರಿ. ಹತ್ತು ಗುಂಟೆಗೆ 2,700 ತುಂಡು ಬೇಕು. ಒಣಗಿ ಹೋಗುವುದಕ್ಕೆಂದು 300 ಹೆಚ್ಚು ತನ್ನಿ. ಎಳೆಕಾಂಡದ ತುಂಡು ಕೊಳೆಯುತ್ತದೆ. ತಲೆಕೆಳಗಾಗಿ ಊರಿದ್ದು ಚಿಗುರಿದರೂ ಸೊರಗುತ್ತದೆ, ಆದ್ದರಿಂದ ಕಣ್ಣು ಮೇಲ್ಮುಖವಾಗಿದೆಯೇ ಎಂದು ಆಳುಗಳಿಗೆ ತೋರಿಸಿಕೊಡಿ. ಮೊದಲ ತಿಂಗಳು ಎರಡು ಸಲ ಕಳೆ ತೆಗೆದರೆ ಆಮೇಲೆ ಹುಲ್ಲೇ ಕಳೆಯನ್ನು ತುಳಿಯುತ್ತದೆ.

ಮೊದಲ ಕಟಾವು 75 ದಿನಕ್ಕೆ. ಮುಂದಿನವು 45 ದಿನಕ್ಕೊಂದು. ನೆಲದಿಂದ 4–6 ಅಂಗುಲ ಬಿಟ್ಟು ಕೊಯ್ಯಿರಿ. ಇಡೀ ಹತ್ತು ಗುಂಟೆಯನ್ನು ಒಟ್ಟಿಗೆ ಕೊಯ್ಯಬಾರದು. ಹತ್ತು ಪಟ್ಟಿ ಮಾಡಿ ಒಂದೊಂದು ಗುಂಟೆಯನ್ನು ನಾಲ್ಕೂವರೆ ದಿನ ಕೊಯ್ದರೆ, ಹತ್ತನೆಯ ಪಟ್ಟಿ ಮುಗಿಯುವಾಗ ಮೊದಲನೆಯದು 45 ದಿನದ್ದಾಗಿ ನಿಂತಿರುತ್ತದೆ. ಒಂದು ಗುಂಟೆಯಿಂದ ಒಂದು ಕಟಾವಿಗೆ 225 ಕೆಜಿ ಬಂದರೆ ಲೆಕ್ಕ ಸರಿಹೋಗುತ್ತದೆ. ಒಂದು ಸಲ ತೂಕ ಹಾಕಿ ನೋಡಿ. ಕಡಿಮೆ ಬಂದರೆ ಗೊಬ್ಬರ ಸಾಲದು ಅಥವಾ ನೀರು ಸಾಲದು. ಪ್ರತಿ ಕಟಾವಿನ ಮರುದಿನ ಆ ಪಟ್ಟಿಗೆ ಕೊಟ್ಟಿಗೆಯ ಗಂಜಲದ ನೀರು ಬಿಡಿ. 60 ದಿನ ದಾಟಿದ ನೇಪಿಯರ್ ಕಡ್ಡಿಯಾಗುತ್ತದೆ, ಹಸು ಎಲೆ ತಿಂದು ಕಾಂಡ ಬಿಡುತ್ತದೆ. ರಾಶಿ ಹೆಚ್ಚಿದೆ ಎಂದು ನೋಡುವವರಿಗೆ ಅನ್ನಿಸಿದರೂ ಹಾಲು ಇಳಿಯುತ್ತದೆ.

ನೇಪಿಯರ್ ಒಂದನ್ನೇ ತಿನ್ನಿಸುವುದೂ ತಪ್ಪು. ಅದರಲ್ಲಿ ಆಕ್ಸಲೇಟ್ ಹೆಚ್ಚು, ಮೈಯಲ್ಲಿನ ಸುಣ್ಣದ ಅಂಶವನ್ನು ಅದು ಹಿಡಿದಿಡುತ್ತದೆ, ಪ್ರೋಟೀನೂ ಸಾಲದು. ಮೂರು ಪಾಲಿನಲ್ಲಿ ಎರಡು ಪಾಲು ಹುಲ್ಲು, ಒಂದು ಪಾಲು ದ್ವಿದಳ ಇರಲಿ: ಬೇಲಿಮೆಂತೆ, ಹಲಸಂದೆ, ಕುದುರೆಮೆಂತೆ, ಚೊಗಚೆ, ಗ್ಲಿರಿಸಿಡಿಯಾ. ಗ್ಲಿರಿಸಿಡಿಯಾ ಸೊಪ್ಪಿನ ವಾಸನೆಗೆ ದನ ಮೊದಮೊದಲು ಮುಖ ತಿರುಗಿಸುತ್ತದೆ. ಹಿಂದಿನ ದಿನವೇ ಕೊಯ್ದು ಬಾಡಿಸಿ ಹುಲ್ಲಿನ ಜೊತೆ ಸೇರಿಸಿದರೆ ವಾರದಲ್ಲಿ ರೂಢಿಯಾಗುತ್ತದೆ. ಸುಬಾಬುಲ್ ಒಟ್ಟು ಹಸಿ ಮೇವಿನ ಮೂರನೇ ಒಂದು ಭಾಗ ಮೀರಬಾರದು, ಹೆಚ್ಚಾದರೆ ಕೂದಲು ಉದುರುತ್ತದೆ. ಬೆಳಗಿನ ಇಬ್ಬನಿ ಇರುವ ಕುದುರೆಮೆಂತೆಯನ್ನು ಹಸಿದ ಹೊಟ್ಟೆಗೆ ಹಾಕಿದರೆ ಹೊಟ್ಟೆಯುಬ್ಬರ ಬರುತ್ತದೆ. ಮೊದಲು ಒಣಹುಲ್ಲು, ಆಮೇಲೆ ಸೊಪ್ಪು.

ಜೋಳದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಹೂ ಬಿಡುವ ಮುಂಚಿನ ಎಳೆಜೋಳ, ಅದರಲ್ಲೂ ಮಳೆಯಿಲ್ಲದೆ ಬಾಡಿ ಆಮೇಲೆ ಚಿಗುರಿದ್ದು, ಸೈನೈಡ್ ವಿಷ ಹೊಂದಿರುತ್ತದೆ. ತಿಂದ ಹಸು ಅರ್ಧ ಗಂಟೆಯೊಳಗೆ ಉಸಿರುಗಟ್ಟಿ ಬೀಳಬಹುದು. ಕೊಯ್ದ ಜೋಳದ ಕೂಳೆ ಚಿಗುರಿರುವ ಹೊಲಕ್ಕೆ ದನ ಬಿಡಲೇಬಾರದು.

ಒಣಹುಲ್ಲು ಎರಡು ಹಸುವಿಗೆ ವರ್ಷಕ್ಕೆ ನಾಲ್ಕು ಟನ್ನಿಗೂ ಹೆಚ್ಚು. ನಿಮ್ಮ 12 ಗುಂಟೆ ರಾಗಿ ಅಷ್ಟು ಕೊಡುವುದಿಲ್ಲ, ಕೊಳ್ಳಲೇಬೇಕು. ಸುತ್ತಲ ಊರುಗಳಲ್ಲಿ ರಾಗಿ ಒಕ್ಕಣೆ ನಡೆಯುವ ಡಿಸೆಂಬರ್–ಜನವರಿಯಲ್ಲೇ ವರ್ಷದ ಹುಲ್ಲನ್ನು ಹೊಡೆಸಿಕೊಳ್ಳಿ, ಮೇ ತಿಂಗಳಲ್ಲಿ ಅದರ ಬೆಲೆಯೇ ಬೇರೆ. ಮೆದೆಯನ್ನು ಕಲ್ಲು ಅಥವಾ ಮರದ ತಳದ ಮೇಲೆ, ನೆಲದಿಂದ ಒಂದಡಿ ಎತ್ತರಿಸಿ ಒಟ್ಟಬೇಕು. ಮಣ್ಣಿನ ಮೇಲೆ ಒಟ್ಟಿದ್ದರೆ ತಳದ ಒಂದೂವರೆ ಅಡಿ ಗೆದ್ದಲಿಗೂ ಬೂಷ್ಟಿಗೂ ಹೋಗುತ್ತದೆ. ಬೆಂಕಿಯ ಭಯಕ್ಕೆ ಕೊಟ್ಟಿಗೆಯಿಂದ ದೂರವಿರಲಿ, ಮೇಲೆ ಕರೆಂಟಿನ ತಂತಿ ಹಾದುಹೋಗದಿರಲಿ.

ಯಂತ್ರಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಮೇವು ಕತ್ತರಿಸುವ ಯಂತ್ರ. ಇಡಿಯಾಗಿ ಹಾಕಿದ ನೇಪಿಯರಿನಲ್ಲಿ ದೊಡ್ಡ ಪಾಲು ಕಾಲಡಿಗೆ ಹೋಗುತ್ತದೆ. ಒಂದರಿಂದ ಎರಡು ಅಂಗುಲಕ್ಕೆ ಕತ್ತರಿಸಿ. ಅರ್ಧ ಅಂಗುಲಕ್ಕಿಂತ ಸಣ್ಣದಾದರೆ ಮೆಲುಕು ಕಡಿಮೆಯಾಗಿ ಹಾಲಿನ ಕೊಬ್ಬು ಇಳಿಯುತ್ತದೆ. ಬ್ಲೇಡಿಗೆ ಮುಚ್ಚಳವಿಲ್ಲದ ಯಂತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಕೋಳಿ: ಬೇಲಿ ಮುಗಿದ ಮೇಲೆ

ಹುಲ್ಲು ಬೇರೂರುತ್ತಿರುವಾಗ ಕೋಳಿಯಿಂದ ಶುರು ಮಾಡಬಹುದು. ದಿನಾ ಹೊತ್ತಿಗೆ ಸರಿಯಾಗಿ ನೀರು, ಕಾಳು, ಬಾಗಿಲು ನೋಡಿಕೊಳ್ಳುವ ಅಭ್ಯಾಸ ಮನೆಯವರಿಗೆ ಆಗುವುದು ಇಲ್ಲಿ. ಹತ್ತು ಹೇಂಟೆಗೆ ಒಂದು ಹುಂಜ. ಹದಿನೈದು ಕೋಳಿ, ಎರಡು ಹುಂಜಕ್ಕೆ 6 ಅಡಿ ಉದ್ದ 5 ಅಡಿ ಅಗಲದ ರಾತ್ರಿಗೂಡು, ನೆಲದಿಂದ ಎರಡಡಿ ಎತ್ತರದಲ್ಲಿ. ಕಿಟಕಿಗೆ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ ಬೇಕು. ಒಂದು ಅಂಗುಲದ ತೂತಿನಲ್ಲಿ ಹಾವು ನುಗ್ಗುತ್ತದೆ. ಕೂರುವ ಕೋಲು ಒಂದು ಕೋಳಿಗೆ 8 ಅಂಗುಲ. ಮೊಟ್ಟೆಯ ಗೂಡು ಒಂದಡಿ ಚೌಕ, ನಾಲ್ಕೈದು ಕೋಳಿಗೊಂದು, ಕತ್ತಲಿರುವ ಮೂಲೆಯಲ್ಲಿ.

ನಾಟಿಕೋಳಿ ವರ್ಷಕ್ಕೆ 60–80 ಮೊಟ್ಟೆ ಇಡುತ್ತದೆ, ಕಾವಿಗೆ ಕೂತು ಮರಿ ಮಾಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ಬೇಗ ತೂಕ ಬರುತ್ತದೆ, ಮೊಟ್ಟೆಯೂ ಹೆಚ್ಚು, ಆದರೆ ಕಾವಿಗೆ ಕೂರುವುದು ಅಪರೂಪ. ಹತ್ತು ಗಿರಿರಾಜದ ಜೊತೆ ಐದು ನಾಟಿ ಹೇಂಟೆ ಇಟ್ಟು, ಮೊಟ್ಟೆಗಳನ್ನು ನಾಟಿಯ ಅಡಿಗೆ ಇಡುವುದು ಜಾಣತನ. ಒಂದು ಹೇಂಟೆಗೆ 10–12 ಮೊಟ್ಟೆ, 21 ದಿನ. ದಿನದ ಮರಿ ಕೊಂಡು ತಂದರೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಬಿಸಿಯಾಗುವ ಹಳೆಯ ತರಹದ ಬಲ್ಬು, ಮರಿಗೆ ಎರಡು ವ್ಯಾಟ್ ಲೆಕ್ಕ. ಎಲ್‌ಇಡಿ ಬಲ್ಬಿನಿಂದ ಶಾಖ ಬರದು. ಮರಿಗಳು ಬಲ್ಬಿನಡಿ ಗುಂಪಾದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ.

ಹಿತ್ತಿಲ ಕೋಳಿಯನ್ನು ಮುಗಿಸುವುದು ಕೊಕ್ಕರೆ ರೋಗ. ಬಂದ ಮೇಲೆ ಔಷಧವಿಲ್ಲ. 5–7ನೇ ದಿನ ಲಸೋಟಾ ಲಸಿಕೆ ಕಣ್ಣಿಗೆ ಒಂದು ಹನಿ, 28ನೇ ದಿನ ಮತ್ತೊಮ್ಮೆ, 8–10 ವಾರಕ್ಕೆ ಅದೇ ರೋಗದ ಆರ್2ಬಿ ಚುಚ್ಚುಮದ್ದು. ನಡುವೆ 14ನೇ ದಿನ ಗಂಬೋರೊ ರೋಗದ ಲಸಿಕೆ, 6–8 ವಾರಕ್ಕೆ ಸಿಡುಬಿನದು. ಸೀಸೆ 100 ಕೋಳಿಯ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹದಿನೈದು ಕೋಳಿಯವರು ನಾಲ್ಕು ಮನೆ ಸೇರಿ ಒಂದೇ ದಿನ ಹಾಕಿಸಿ. ಪಕ್ಕದ ಮನೆಯ ಕೋಳಿಗೆ ಲಸಿಕೆ ಆಗದಿದ್ದರೆ ನಿಮ್ಮ ಕೋಳಿಗೂ ಅಪಾಯ ತಪ್ಪಿದ್ದಲ್ಲ. ಲಸಿಕೆಯನ್ನು ಅಂಗಡಿಯಿಂದ ಐಸ್ ಇಲ್ಲದೆ ತಂದರೆ ಹಾಕಿದ್ದೂ ವ್ಯರ್ಥ.

ಆಡು ಅಥವಾ ಕುರಿ

ತೋಟ, ಹಣ್ಣಿನ ಗಿಡ ಇರುವ ಕಡೆ ಕುರಿ ಮೇಲು. ಆಡು ತಪ್ಪಿಸಿಕೊಂಡ ಒಂದು ಮಧ್ಯಾಹ್ನದಲ್ಲಿ ಮಾವಿನ ಸಸಿಗಳ ತೊಗಟೆ ಸುಲಿದಿರುತ್ತದೆ. ಬೇಲಿಯಲ್ಲಿ ಸೊಪ್ಪಿನ ಮರ ಬೆಳೆದಿದ್ದರೆ ಆಡು ಲಾಭ. ನಂದಿದುರ್ಗ ಆಡು, ಬನ್ನೂರು ಅಥವಾ ಹಾಸನ ಕುರಿ ಈ ಸೀಮೆಯವೇ. ದೂರದ ರಾಜ್ಯದಿಂದ ಲಾರಿಯಲ್ಲಿ ಬಂದ ದುಬಾರಿ ತಳಿಯಿಂದ ಶುರು ಮಾಡಬೇಡಿ, ದಾರಿಯ ಆಯಾಸದಲ್ಲೇ ನ್ಯುಮೋನಿಯಾ ಹಿಡಿದಿರುತ್ತದೆ.

ನಾಲ್ಕು ಹೆಣ್ಣು ಸಾಕು. ಒಂದು ಹೋತ 20–25 ಹೆಣ್ಣಿಗೆ ಆಗುವುದರಿಂದ ನಾಲ್ಕಕ್ಕಾಗಿ ಹೋತ ಸಾಕುವುದು ದಂಡ. ಊರಲ್ಲಿರುವ ಒಳ್ಳೆಯ ಹೋತ ತನ್ನಿ. ಗಬ್ಬ 150 ದಿನ. ಒಂದಕ್ಕೆ 12 ಚದರ ಅಡಿ ಲೆಕ್ಕದಲ್ಲಿ, ಮರಿಗಳಿಗೂ ಸೇರಿಸಿ 8×9 ಅಡಿ ಅಟ್ಟಣಿಗೆ, ನೆಲದಿಂದ ಮೂರು–ನಾಲ್ಕು ಅಡಿ ಎತ್ತರ. ಹಲಗೆಗಳ ನಡುವೆ ಅರ್ಧ ಅಂಗುಲ ಸಂದು ಇರಲಿ: ಹಿಕ್ಕೆ ಕೆಳಗೆ ಬೀಳಬೇಕು, ಮರಿಯ ಗೊರಸು ಸಿಕ್ಕಿಕೊಳ್ಳಬಾರದು. ಸೊಪ್ಪನ್ನು ಆಡಿನ ಮುಖದ ಮಟ್ಟಕ್ಕಿಂತ ಮೇಲೆ ಕಟ್ಟು ಕಟ್ಟಿ ತೂಗುಹಾಕಿ, ನೆಲಕ್ಕೆ ಬಿದ್ದದ್ದನ್ನು ಆಡು ತಿನ್ನುವುದಿಲ್ಲ. ದಿನಕ್ಕೆ ಒಂದಕ್ಕೆ 3–4 ಕೆಜಿ ಸೊಪ್ಪು, ಅರ್ಧ ಕೆಜಿ ಒಣಮೇವು, 200 ಗ್ರಾಂ ಹಿಂಡಿ–ನುಚ್ಚು. ಕೋಳಿಯ ಕಾಳಿನ ಚೀಲ ಆಡಿನ ಬಾಯಿಗೆ ಸಿಗದ ಕಡೆ ಇರಲಿ. ಒಮ್ಮೆಲೇ ಕಾಳು ತಿಂದ ಆಡು ಮರುದಿನ ಬದುಕಿರುವುದು ಕಷ್ಟ.

ಕೊಟ್ಟಿಗೆ

ಉದ್ದ ಮೂಡಲ–ಪಡುವಣಕ್ಕೆ ಇದ್ದರೆ ಬೇಸಿಗೆಯ ಬಿಸಿಲು ಒಳಗೆ ನುಗ್ಗದು. ಎರಡು ಹಸು, ಒಂದು ಕರುವಿಗೆ 16×12 ಅಡಿ ಸಾಕು. ಒಂದು ಹಸು ನಿಲ್ಲುವ ಜಾಗ 4 ಅಡಿ ಅಗಲ, ಐದೂವರೆಯಿಂದ 6 ಅಡಿ ಉದ್ದ. ಉದ್ದ ಹೆಚ್ಚಾದರೆ ಸಗಣಿ ಮಲಗುವ ಜಾಗದಲ್ಲೇ ಬೀಳುತ್ತದೆ, ಕೆಚ್ಚಲಿಗೆ ಮೆತ್ತಿ ಕೆಚ್ಚಲುಬಾವು ಬರುತ್ತದೆ. ಕಡಿಮೆಯಾದರೆ ಹಿಂಗಾಲು ಚರಂಡಿಯಲ್ಲಿ ನಿಲ್ಲುತ್ತದೆ. ನೆಲ ಚರಂಡಿಯ ಕಡೆಗೆ 40 ಅಡಿಗೆ ಒಂದಡಿಯಷ್ಟು ಇಳಿಯಲಿ, ಅಂದರೆ 6 ಅಡಿಗೆ ಎರಡು ಅಂಗುಲಕ್ಕಿಂತ ತುಸು ಕಡಿಮೆ. ನುಣುಪು ಸಿಮೆಂಟು ಬಳಿಸಬೇಡಿ. ಹಸಿ ಇರುವಾಗಲೇ ಗೀರು ಹಾಕಿಸಿ. ಜಾರಿ ಬಿದ್ದ ಗಬ್ಬದ ಹಸು ಎದ್ದು ನಿಲ್ಲುವುದು ಅನುಮಾನ.

ಗೋದಲಿಯ ತಳ ಹಸು ನಿಲ್ಲುವ ನೆಲಕ್ಕಿಂತ ಒಂದಡಿ ಎತ್ತರ, ಒಳಮೂಲೆಗಳು ದುಂಡಗೆ. ಚಾವಣಿ ಅಂಚಿನಲ್ಲಿ 8 ಅಡಿ, ನಡುವೆ 12 ಅಡಿ. ಗೋಡೆ ಬೇಡ, ಪಡುವಣದ ಕಡೆ ಮಾತ್ರ ನಾಲ್ಕಡಿ ಗೋಡೆ, ಉಳಿದದ್ದು ತೆರೆದಿರಲಿ. ಜಿಂಕ್ ಶೀಟು ಹಾಕಿದರೆ ಬೇಸಿಗೆಗೆ ಮೇಲೆ ತೆಂಗಿನಗರಿ ಹೊದಿಸಿ. ಸರ್ಕಾರದ ಸಹಾಯಧನದಲ್ಲಿ ಕೊಟ್ಟಿಗೆ ಕಟ್ಟುವ ಆಲೋಚನೆ ಇದ್ದರೆ ಪಾಯ ತೆಗೆಯುವ ಮುಂಚೆಯೇ ಗ್ರಾಮ ಪಂಚಾಯಿತಿಯಲ್ಲಿ ಅರ್ಜಿ ಕೊಡಿ. ಕಟ್ಟಿ ಮುಗಿದ ಮೇಲೆ ಕೇಳಿದರೆ ಸಿಗುವುದು ಕಷ್ಟ.

ಹಸು ಕೊಳ್ಳುವುದು, ತಿನ್ನಿಸುವುದು

ನೇಪಿಯರ್ ಎರಡನೇ ಕಟಾವು ಮುಗಿದು ಮೆದೆಯಲ್ಲಿ ಹುಲ್ಲು ಬಿದ್ದ ಮೇಲೆ ಒಂದೇ ಹಸು ತನ್ನಿ. ಎರಡನೆಯದನ್ನು ಆರು ತಿಂಗಳ ಮೇಲೆ ತಂದರೆ ಎರಡೂ ಒಟ್ಟಿಗೆ ಬತ್ತುವುದಿಲ್ಲ, ಮನೆಯಲ್ಲಿ ವರ್ಷವಿಡೀ ಹಾಲಿರುತ್ತದೆ. ದಿನಕ್ಕೆ 20 ಲೀಟರ್ ಕೊಡುವ ಹಸುವಿಗಿಂತ 8–10 ಲೀಟರಿನದು ಹೊಸಬರಿಗೆ ಒಳ್ಳೆಯದು, ಅದರ ರೋಗವೂ ಖರ್ಚೂ ಕೈಗೆಟುಕುತ್ತದೆ. ನೀರು ಕಡಿಮೆ ಇರುವವರು, ಮನೆಮಟ್ಟಿಗೆ ಎರಡು ಲೀಟರ್ ಸಾಕೆನ್ನುವವರು ಹಳ್ಳಿಕಾರ್ ಅಥವಾ ಮಲೆನಾಡು ಗಿಡ್ಡ ಕಟ್ಟಿ. ಒಣಹುಲ್ಲಿನಲ್ಲೇ ಬಾಳುತ್ತವೆ, ಉಣ್ಣಿಜ್ವರ ತಡೆದುಕೊಳ್ಳುತ್ತವೆ.

ಕೊಳ್ಳುವಾಗ ಎರಡನೇ ಸೂಲಿನದನ್ನು ಹುಡುಕಿ. ಹಲ್ಲು ನೋಡಿ: ನಾಲ್ಕು ಹಲ್ಲೆಂದರೆ ಹತ್ತಿರ ಮೂರು ವರ್ಷ, ಬಾಯಿಗೂಡಿದ್ದೆಂದರೆ, ಅಂದರೆ ಮುಂದಿನ ಎಂಟೂ ಹಲ್ಲು ಹೊಸದಾಗಿ ಬಂದಿದ್ದರೆ, ಐದರ ಸುಮಾರು. ಮಾರುವವರ ಮನೆಯಲ್ಲೇ ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ ಮೂರು ಸಲ ಎದುರಿಗೇ ಕರೆಸಿ. ಒಂದೇ ಸಲ ಕರೆದು ತೋರಿಸಿದ್ದು ಹಿಂದಿನ ಹೊತ್ತು ಬಿಟ್ಟ ಹಾಲೂ ಸೇರಿದ್ದಿರಬಹುದು. ನಾಲ್ಕು ಮೊಲೆಯಿಂದಲೂ ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿ, ಗರಣೆ ಕಂಡರೆ ಬೇಡ. ಕಂದುರೋಗದ ರಕ್ತಪರೀಕ್ಷೆ ಆಗದ ಹಸು ಬೇಡವೇ ಬೇಡ; ಅದು ಕಂದು ಹಾಕಿಸುವುದಲ್ಲದೆ ಕರೆಯುವವರಿಗೂ ಅಂಟುತ್ತದೆ. ತಂದ ಹಸುವನ್ನು ಮೂರು ವಾರ ಬೇರೆ ಕಡೆ ಕಟ್ಟಿ.

ಒಣಮೇವು, ಹಸಿಮೇವಿನ ಮೇಲೆ ಮೈಗಾಗಿ ಒಂದೂವರೆ ಕೆಜಿ ಪಶು ಆಹಾರ, ಹಾಲಿನ ಪ್ರತಿ ಲೀಟರಿಗೆ 400 ಗ್ರಾಂ. ಹತ್ತು ಲೀಟರಿನ ಹಸುವಿಗೆ ಐದೂವರೆ ಕೆಜಿ. ದ್ವಿದಳ ಸೊಪ್ಪು ಚೆನ್ನಾಗಿದ್ದರೆ ಒಂದು ಕೆಜಿ ಇಳಿಸಬಹುದು. ಮನೆಯಲ್ಲೇ ಕಲಸುವುದಾದರೆ 100 ಕೆಜಿಗೆ ಮೆಕ್ಕೆಜೋಳದ ನುಚ್ಚು 40, ಕಡಲೆಕಾಯಿ ಹಿಂಡಿ 27, ಬೂಸಾ 30, ಖನಿಜ ಮಿಶ್ರಣ 2, ಉಪ್ಪು 1. ಬೂಷ್ಟು ಹಿಡಿದ ಹಿಂಡಿ, ಮುಗ್ಗಲು ಮೆಕ್ಕೆಜೋಳ ಎಸೆಯಿರಿ, ಅದರ ವಿಷ ಹಾಲಿಗೂ ಇಳಿಯುತ್ತದೆ. ಹೊಸ ಆಹಾರ ಯಾವುದೇ ಇರಲಿ, ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪ ಬದಲಿಸಿ.

ಹಬ್ಬ, ಮದುವೆಯ ಮರುದಿನ ಮಿಕ್ಕ ಅನ್ನ, ಮುದ್ದೆ, ಹೋಳಿಗೆಯನ್ನು ಬಕೆಟ್‌ಗಟ್ಟಲೆ ಹಸುವಿಗೆ ಸುರಿಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಪ್ರೀತಿಯಿಂದಲೇ ಸುರಿಯುತ್ತಾರೆ. ಆದರೆ ಹೊಟ್ಟೆಯಲ್ಲಿ ಅದು ಹುಳಿಯಾಗಿ ಮೆಲುಕು ನಿಂತು, ಬೇಧಿಯಾಗಿ, ಹಸು ನೆಲ ಹಿಡಿಯುತ್ತದೆ. ಹೀಗಾದಾಗ ಕಾಯಬೇಡಿ, ಎಣ್ಣೆ ಕಷಾಯ ಎಂದು ನಾಲಿಗೆ ಎಳೆದು ಹೊಯ್ಯಲೂ ಬೇಡಿ, ಶ್ವಾಸಕೋಶಕ್ಕೆ ಇಳಿದರೆ ಅದೇ ಸಾಯಿಸುತ್ತದೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಸ್ಥಳೀಯ ಪಶುವೈದ್ಯರ ನಂಬರು ಕೊಟ್ಟಿಗೆಯ ಕಂಬದ ಮೇಲೇ ಬರೆದಿಡಿ.

ಹಾಲಿನ ಡೇರಿಗೆ ಹಾಕುವವರಿಗೆ ಕೊಬ್ಬು 3.5, ಕೊಬ್ಬೇತರ ಘನಾಂಶ 8.5 ಬಂದರೆ ಪೂರ್ತಿ ದರ. ಘನಾಂಶ ಇಳಿದರೆ ನೀರು ಬೆರೆಸಿದ್ದಾರೆಂಬ ಮಾತು ಬರುತ್ತದೆ, ಆದರೆ ಒಣಹುಲ್ಲು, ಖನಿಜ ಮಿಶ್ರಣ ಕಡಿಮೆಯಾದಾಗಲೂ, ಕೆಚ್ಚಲುಬಾವಿನ ಮೊದಲ ಹಂತದಲ್ಲೂ ಹೀಗಾಗುತ್ತದೆ.

ಬೆದೆ 21 ದಿನಕ್ಕೊಮ್ಮೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಹೆಣ್ಣುಕರುವೇ ಬೇಕೆನ್ನುವವರಿಗೆ ಲಿಂಗ ನಿರ್ಧರಿತ ವೀರ್ಯ ಸಿಗುತ್ತದೆ, ನೂರಕ್ಕೆ ತೊಂಬತ್ತು ಹೆಣ್ಣಾಗುತ್ತವೆ. ಕರು ಹಾಕುವ 60 ದಿನ ಮುಂಚೆ ಕರೆಯುವುದನ್ನು ನಿಲ್ಲಿಸಬೇಕು. ಆಸೆಗೆ ಬಿದ್ದು ಕರೆದರೆ ಮುಂದಿನ ಸೂಲಿನ ಹಾಲು ಹೋಗುತ್ತದೆ. ಹುಟ್ಟಿದ ಕರುವಿನ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಕಸ ಬೀಳಲಿ ಎಂದು ಕಾಯದೆ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ.

ಲಸಿಕೆ ಮತ್ತು ತಿಪ್ಪೆ

ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ. ಗಳಲೆ ರೋಗ, ಚಪ್ಪೆ ರೋಗಕ್ಕೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ ಮೇ ತಿಂಗಳಲ್ಲಿ. ಚರ್ಮಗಂಟು ರೋಗಕ್ಕೆ ವರ್ಷಕ್ಕೊಮ್ಮೆ. ಕಂದುರೋಗದ್ದು ಹೆಣ್ಣುಕರುವಿಗೆ ಮಾತ್ರ, 4–8 ತಿಂಗಳ ನಡುವೆ ಒಂದೇ ಸಲ. ಆಡು, ಕುರಿಗೆ ಪಿಪಿಆರ್ (ಆಡು–ಕುರಿಗಳ ಪ್ಲೇಗ್) ಲಸಿಕೆ ಮೂರು ವರ್ಷಕ್ಕೊಮ್ಮೆ, ಕರುಳುಬೇನೆಗೆ ಪ್ರತಿವರ್ಷ ಮುಂಗಾರಿಗೆ ಮುನ್ನ. ಲಸಿಕೆಗೆ ಒಂದು ವಾರ ಮುಂಚೆ ಜಂತುಹುಳದ ಔಷಧಿ ಕೊಟ್ಟಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ.

ಒಂದು ಹಸು ದಿನಕ್ಕೆ 10–15 ಕೆಜಿ ಸಗಣಿ ಹಾಕುತ್ತದೆ, ಎರಡು ಹಸುವಿನದು ವರ್ಷಕ್ಕೆ ಎಂಟು ಟನ್ ಆಗುತ್ತದೆ. ಬಿಸಿಲಲ್ಲಿ ಗುಡ್ಡೆ ಹಾಕಿದ ಸಗಣಿಯ ಸಾರ ಗಾಳಿಗೆ ಹೋಗುತ್ತದೆ. ಮೂರಡಿ ಆಳದ ಎರಡು ಗುಂಡಿ ತೋಡಿ, ಮೇಲೆ ಗರಿಯ ನೆರಳು ಮಾಡಿ, ಒಂದು ತುಂಬುವಾಗ ಇನ್ನೊಂದು ಕೊಳೆಯಲಿ. ಗೋದಲಿಯಲ್ಲಿ ಉಳಿದ ಕಡ್ಡಿ, ಆಡಿನ ಹಿಕ್ಕೆ, ಕೋಳಿಗೂಡಿನ ಹೊಟ್ಟು ಎಲ್ಲ ಅದಕ್ಕೇ ಹಾಕಿ, ವಾರಕ್ಕೊಮ್ಮೆ ತೆಳುವಾಗಿ ಮಣ್ಣು ಎಳೆಯಿರಿ. ನಾಲ್ಕು ತಿಂಗಳಿಗೆ ಮುಂಚೆ ತೆಗೆದರೆ ಅರ್ಧ ಕೊಳೆತ ಗೊಬ್ಬರದ ಜೊತೆ ಗೊಣ್ಣೆಹುಳು ಹೊಲಕ್ಕೆ ಬರುತ್ತವೆ. ಮಳೆಗಾಲದಲ್ಲಿ ಗುಂಡಿಯ ಸುತ್ತ ಒಂದಡಿ ಬದು ಕಟ್ಟಿ, ಚಾವಣಿಯ ನೀರು ಅದಕ್ಕೆ ಬೀಳದಂತೆ ನೋಡಿಕೊಳ್ಳಿ.